ಮನೆಮನೆ ಉಂಡ ಮಂಗಟ್ಟೆ

ನನ್ನ ಗಂಡ ರಾಮಲಿಂಗನಿಗೆ ಅರಣ್ಯ ಇಲಾಖೆಯಲ್ಲಿ ಗಾರ್ಡ್ ನೌಕರಿ ಸಿಕ್ಕಿದೆ ಎಂದು ಕೇಳಿದೊಡನೆ ನಮ್ಮಪ್ಪ ಹಿಗ್ಗಿ ಹೀರೇಕಾಯಾಗಿ ನನ್ನನ್ನು ಅವನಿಗೆ ಕೊಟ್ಟುಬಿಟ್ಟ. ಬಿಜಾಪುರ ಜಿಲ್ಲೆಯಲ್ಲಿ ಅರಣ್ಯ ಎಲ್ಲಿದೆ ಎಂದು ಯಾರಿಗೂ ಕೇಳಬೇಕೆನಿಸಲಿಲ್ಲ. ತಿಕೋಟಾದಿಂದ ಬಬಲೇಶ್ವರದವರೆಗೆ ಇವನ ಕಾವಲು. ಅಷ್ಟರೊಳಗೆ ಇದ್ದದ್ದು ಜಾಲಿ, ಬೇವು, ಮತ್ತೆ ಇಲಾಖೆಯವರು ರಸ್ತೆ ಬದಿಗೆ ನೆಟ್ಟು ಆಡುಗಳು ತಿಂದು ಮುಗಿಸಿದ ಸಸಿಗಳ ಬುಡ. ಖಾಕಿ ಅಂಗಿಗೆ ಇಸ್ತ್ರಿ ಮಾಡಿಸಿಕೊಂಡು ದಿನಾ ಆಡು ಓಡಿಸಲು ಹೋಗುವ ಗಂಡನನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು, ಪಾಪ ಅಂತಲೂ ಅನ್ನಿಸುತ್ತಿತ್ತು. ದಟ್ಟ ಕಾಡನ್ನು ಅವನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ದಾಂಡೇಲಿಯಿಂದ ಸಾಗವಾನಿ ತರುತ್ತಿದ್ದ ನಮ್ಮೂರ ಲಾರಿ ಡ್ರೈವರ್ ಬಂದೇನವಾಜ ಒಂದು ಬುಟ್ಟಿ ಹಿಡಿದು ನಮ್ಮ ಮನೆಗೆ ಬಂದ. ಒಳಗೊಂದು ಹಕ್ಕಿಮರಿ. ಕಾಡಿನಲ್ಲಿ ಉರುಳಿಬಿದ್ದ ಮರದ ಪೊಟರೆಯಲ್ಲಿ ಸಿಕ್ಕಿತಂತೆ. ತಾಯಿ ಅಲ್ಲೇ ಸತ್ತಿತ್ತಂತೆ. ನಿಮ್ಮ ಇಲಾಖೆಯ ಮಾಲು, ನೀವೇ ಇಟ್ಟುಕೊಳ್ಳಿ ಎಂದು ರಾಮಲಿಂಗನ ಕೈಗೆ ಕೊಟ್ಟು ಹೋದ. ಆ ಕಡೆಯ ಜನ ಅದನ್ನು ಮಂಗಟ್ಟೆ ಅನ್ನುತ್ತಾರೆ. ಆಗ ಅದಕ್ಕೆ ಮೈಯೇ ಇರಲಿಲ್ಲ, ಬರೀ ಕೊಕ್ಕು. ಪುಕ್ಕ ಬಂದ ಮೇಲೆ ಕಪ್ಪು ಬಿಳುಪು ಮೈ, ಗೇಣುದ್ದ ಹಳದಿ ಕೊಕ್ಕು, ಅದರ ಮೇಲೊಂದು ಸಣ್ಣ ಕೊಂಬು. ಮಾಳಿಗೆಯ ಮೇಲೆ ಕೂತು ಕತ್ತು ಸೆಟೆಸಿ ಊರನ್ನೆಲ್ಲ ತನ್ನದೇ ಎಂಬಂತೆ ನೋಡುತ್ತಿತ್ತು. ಅದಕ್ಕೇ ಜನ ದೇಸಾಯಿ ಎಂದು ಹೆಸರಿಟ್ಟರು.

ರಾಮಲಿಂಗನ ಖುಷಿ ಏನು ಹೇಳಲಿ. ನೌಕರಿಗೆ ಸೇರಿದ ಮೇಲೆ ಅವನು ಕಂಡ ಮೊದಲ ಕಾಡುಜೀವ ಅದು. ಬಿಜಾಪುರಕ್ಕೆ ಹೋಗಿ ತಾನೇ ಸುದ್ದಿ ಮುಟ್ಟಿಸಿದ. ಸಾಹೇಬರು ಜೀಪಿನಲ್ಲಿ ಬಂದು ನೋಡಿ, ಈಗ ಹೊಸ ಕಾಯ್ದೆ ಬಂದಿದೆ, ಕಾಡಿನ ಹಕ್ಕಿಯನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ ಎಂದರು. ಮೊಹರಂ ಮುಗಿದ ಮೇಲೆ ದಾಂಡೇಲಿ ಕಾಡಿಗೆ ಬಿಡಬೇಕು. ಆದರೆ ಅಷ್ಟರಲ್ಲಿ ಅದು ತಾನೇ ಹಣ್ಣು ಹುಡುಕಿ ತಿನ್ನಬೇಕು, ಮನುಷ್ಯರನ್ನು ಕಂಡರೆ ದೂರ ಹಾರಬೇಕು. ಜನರ ಕೈಗೆ ಬರುವ ಹಕ್ಕಿ ಕಾಡಿನಲ್ಲಿ ವಾರ ಬದುಕುವುದಿಲ್ಲ, ಯಾರೋ ಒಬ್ಬ ಹಿಡಿದು ಸಾರು ಮಾಡುತ್ತಾನೆ. ಹಾಗೇನಾದರೂ ಆಗುವಂತಿದ್ದರೆ ಪ್ರಾಣಿಸಂಗ್ರಹಾಲಯದ ಪಂಜರವೇ ಗತಿ ಎಂದು ಹೇಳಿ ಚಹ ಕುಡಿದು ಹೋದರು. ಆ ಪಂಜರದ ಮಾತು ಕೇಳಿದಾಗಿನಿಂದ ನನ್ನ ಗಂಡನಿಗೆ ನಿದ್ದೆ ಹತ್ತಲಿಲ್ಲ.

ದೇಸಾಯಿಗೆ ಯಾರೂ ತುತ್ತು ಹಾಕಬಾರದು ಎಂದು ಊರಲ್ಲಿ ಡಂಗುರ ಸಾರಿಸಿದ. ಸಾರಿದವನೇ ಮಧ್ಯಾಹ್ನ ಅದಕ್ಕೆ ಭಜಿ ಹಾಕಿದ. ನಮ್ಮಲ್ಲಿ ಎದುರಿಗೆ ಬಂದವರನ್ನು ನಮಸ್ಕಾರಕ್ಕಿಂತ ಮೊದಲು ಊಟ ಆಯಿತೇ ಎಂದು ಕೇಳುತ್ತಾರೆ. ಬಾಗಿಲಿಗೆ ಬಂದವರು ಸಾಲ ವಸೂಲಿಗೆ ಬಂದಿದ್ದರೂ ಒಂದು ರೊಟ್ಟಿ ಮುರಿಯದೆ ಹೋಗುವಂತಿಲ್ಲ. ದೇಸಾಯಿ ಇದನ್ನು ಬೇಗ ಕಲಿತುಬಿಟ್ಟ. ಉಣ್ಣುವ ಹೊತ್ತಿಗೆ ಸರಿಯಾಗಿ ಹಾರಿಬಂದು ಹೊಸ್ತಿಲ ಮೇಲೆ ಇಳಿದು ಕೊಕ್ಕಿನಿಂದ ಬಾಗಿಲು ಬಡಿಯುತ್ತಿದ್ದ. ಆಶಾಬಿಯ ಮನೆಯಲ್ಲಿ ಬೆಲ್ಲ ಹಾಕಿ ಕುಟ್ಟಿದ ಸಿಹಿ ಮಾಲ್ದಿ, ಪಕ್ಕದ ಮನೆಯ ಮಲಕವ್ವನಲ್ಲಿ ಬೆಣ್ಣೆ ಹಚ್ಚಿದ ರೊಟ್ಟಿ. ಎಲ್ಲಿ ಏನು ಮಾಡಿದ್ದಾರೆಂದು ನಮಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು.

ರಾಮಲಿಂಗ ಖಾಕಿ ತೊಟ್ಟು ಮಲಕವ್ವನ ಮನೆಗೆ ಜಬರಿಸಲು ಹೋದ. ಆ ಮುದುಕಿ ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ.

"ಬಾಗಲಕ್ಕ ಬಂದಾಂವಗ ಹಸ್ಕೊಂಡ ಹೋಗಂತ ಹೆಂಗ ಅನ್ನಲಿ ತಮ್ಮಾ? ಈ ಬಾಯಾಗ ಆ ಮಾತ ಬರೂದಿಲ್ಲ. ನೀನೂ ಕುಂದ್ರು, ಬಿಸೀದು ತಿನ್ನು."

ಕೂತ, ತಿಂದ, ಬಾಯಿ ಒರೆಸಿಕೊಂಡು ಮನೆಗೆ ಬಂದ.

ಕೊನೆಗೆ ಮಲಕವ್ವನೇ ಒಂದು ಉಪಾಯ ಹೇಳಿದಳು. ಮೊಲೆ ಬಿಡದ ಕೂಸಿಗೆ ತಾಯಂದಿರು ಬೇವು ಅರೆದು ಹಚ್ಚಿಕೊಳ್ಳುವುದಿಲ್ಲವೇ, ಹಾಗೇ ರೊಟ್ಟಿಗೆ ಹಚ್ಚಿ ಕೊಡೋಣ. ನಾವು ಕೊಟ್ಟಂತೆಯೂ ಆಯಿತು, ಅವನು ತಿನ್ನದಂತೆಯೂ ಆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಎಲ್ಲರೂ ಒಪ್ಪಿದರು. ದೇಸಾಯಿ ಬೇವಿನ ರೊಟ್ಟಿ ತಿಂದು ಇನ್ನೊಂದು ಕೇಳಿದ. ಮರುದಿನ ಕೆಂಪು ಖಾರ ಸವರಿ ಕೊಟ್ಟರು, ಅದನ್ನೂ ಕಣ್ಣು ಮಿಟುಕಿಸದೆ ನುಂಗಿದ. ಖಾರ ತಿಂದ ಮೇಲೆ ಇವನು ನಮ್ಮವನೇ ಎಂದು ಊರವರಿಗೆ ಅವನ ಮೇಲೆ ಅಭಿಮಾನ ಉಕ್ಕಿತು. ಅಂದಿನಿಂದ ಬೆಣ್ಣೆ ಇನ್ನಷ್ಟು ದಪ್ಪವಾಯಿತು.

ಒಂದು ಸಂಜೆ ಬಣವೆಯ ಹಿಂದೆ ಪಿಸುಮಾತು ಕೇಳಿ ಹೋಗಿ ನೋಡಿದೆ. ನನ್ನ ಗಂಡ, ಡಂಗುರ ಹೊಡೆಸಿದ ಆ ಮಹಾರಾಯ, ದೇಸಾಯಿಯನ್ನು ಮೊಣಕಾಲ ಮೇಲೆ ಕೂರಿಸಿಕೊಂಡು ಶೇಂಗಾ ಹೋಳಿಗೆ ಮುರಿದು ತಿನ್ನಿಸುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಏನು ಮಾಡಲಿ ದುಂಡವ್ವಾ, ನನ್ನ ಮುಖವನ್ನೇ ನೋಡುತ್ತಾನೆ ಎಂದ. ಹಾಗಾದರೆ ಪಂಜರದಲ್ಲಿ ಕೂತು ಯಾರ ಮುಖ ನೋಡಲಿ ಅವನು ಎಂದು ಕೇಳಿದೆ. ಅವನು ದೇಸಾಯಿಯನ್ನು ಮೊಣಕಾಲಿನಿಂದ ಇಳಿಸಿದ. ಹೋಳಿಗೆ ಮಾತ್ರ ಪೂರಾ ಖಾಲಿಯಾಗಿತ್ತು.

ಅಷ್ಟರಲ್ಲಿ ಮೊಹರಂ ಬಂತು. ಬಂದೇನವಾಜ ಪ್ರತಿವರ್ಷ ಹರಕೆ ಹೊತ್ತು, ಮಕ್ಕಳನ್ನು ಹೆದರಿಸುತ್ತ ಕುಣಿಯುವ ಅಳ್ಳೊಳ್ಳಿ ಬವ್ವನ ವೇಷ ಹಾಕುತ್ತಿದ್ದ. ಮೈತುಂಬ ಮಸಿ, ತಲೆಗೆ ಉದ್ದನೆಯ ಟೊಪ್ಪಿಗೆ, ಸೊಂಟಕ್ಕೆ ದಪ್ಪ ಗೆಜ್ಜೆ. ಅವನು ಕುಣಿಯುತ್ತ ಮಲಕವ್ವನ ಬಾಗಿಲಿಗೆ ಬಂದಾಗ ದೇಸಾಯಿ ಅಲ್ಲಿ ಊಟಕ್ಕೆ ಬಾಗಿಲು ಬಡಿಯುತ್ತಿದ್ದ. ತಿರುಗಿ ನೋಡಿದವನು ಕಿರುಚಿಕೊಂಡು ಹಾರಿ ಕೆರೆ ದಂಡೆಯ ಆಲದ ತುದಿ ಸೇರಿದ. ಸಂಜೆಯವರೆಗೂ ಇಳಿಯಲಿಲ್ಲ. ಹಸಿವಿಗೆ ಆಲದ ಹಣ್ಣು ಕಿತ್ತು ತಿಂದ. ಅದನ್ನು ಕಂಡವಳು ನಾನು.

ನನಗೆ ಆಗ ಹೊಳೆಯಿತು. ವೇಷ ಹಾಕಿದ ಮನುಷ್ಯ ಆಗ ತಾನಾಗಿರುವುದಿಲ್ಲ. ಮಸಿ ಬಳಿದುಕೊಂಡು ಅಳಿಯ ಮಾವನಿಗೇ ಬೈದರೂ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ನಮ್ಮ ಬಾಯಲ್ಲಿ ಬರದ ಮಾತನ್ನು ಬವ್ವ ಹೇಳಲಿ ಎಂದೆ. ಮೊಹರಂನ ಪೀರಲ ದೇವರನ್ನು ನೋಡಿಕೊಳ್ಳುವ ಮುಜಾವರ ಗೈಬುಸಾಬನನ್ನು ಕೇಳಿದೆವು. ಅವನು ಗಡ್ಡ ನೀವಿಕೊಂಡು, ಒಂದು ಜೀವ ಉಳಿಸಲು ಹಾಕುವ ವೇಷ, ಆಗಲಿ ಎಂದ. ಮರುದಿನದಿಂದ ದೇಸಾಯಿ ಹೋದ ಹೋದ ಬಾಗಿಲಲ್ಲಿ ಒಬ್ಬೊಬ್ಬ ಬವ್ವ. ಮಲಕವ್ವ ಕೂಡ ಹಂಚಿನ ಮಸಿ ಬಳಿದುಕೊಂಡು, ಎತ್ತಿನ ಗೆಜ್ಜೆ ಸೊಂಟಕ್ಕೆ ಕಟ್ಟಿಕೊಂಡು, ಹೊಟ್ಟೆಬಾಕ, ಬಿಟ್ಟಿಕೂಳ ಎಂದು ಓಣಿಗೆ ಕೇಳುವಂತೆ ಬೈದಳು. ಆಮೇಲೆ ಒಳಗೆ ಹೋಗಿ ಅತ್ತಳು. ಕಣ್ಣೀರಿಗೆ ಮಸಿ ಇಳಿದು ಮತ್ತಷ್ಟು ಭಯಂಕರವಾಗಿ ಕಾಣುತ್ತಿದ್ದಳು.

ದೇಸಾಯಿ ಮೊದಲು ವೇಷಕ್ಕೆ ಹೆದರಿದ. ಆಮೇಲೆ ಗೆಜ್ಜೆಯ ಸದ್ದಿಗೆ. ಕೊನೆಗೆ ಮನುಷ್ಯರ ನೆರಳು ಕಂಡರೂ ಆಲದ ತುದಿಗೆ ಹಾರುವಂತಾದ. ವೇಷ ಹಾಕದೆ ಉಳಿದವನು ನನ್ನ ಗಂಡ ಒಬ್ಬನೇ. ಖಾಕಿಗೆ ಮಸಿ ಹತ್ತಿದರೆ ಸಾಹೇಬರು ಸಿಟ್ಟಾಗುತ್ತಾರೆ ಎಂದು ನೆವ ಹೇಳುತ್ತಿದ್ದ. ಸಂಜೆ ಆಲದ ಕೆಳಗೆ ಅವನು ನಿಂತರೆ ದೇಸಾಯಿ ಇಳಿದು ಬಂದು ಹೆಗಲ ಮೇಲೆ ಕೂರುತ್ತಿದ್ದ. ತಿನ್ನಲು ಏನೂ ಕೊಡುತ್ತಿರಲಿಲ್ಲ, ಅದು ನಿಜ. ಅವನೊಬ್ಬನ ಹತ್ತಿರ ಬಂದರೆ ಏನಾದೀತು ಎಂದು ನಾನೂ ಬಾಯಿ ಮುಚ್ಚಿಕೊಂಡೆ.

ಹಬ್ಬ ಮುಗಿದ ಮೇಲೆ ದೇಸಾಯಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದೇನವಾಜನ ಲಾರಿಯಲ್ಲಿ ದಾಂಡೇಲಿಯ ಆಚೆ, ಕಾಡಿನೊಳಗಿನ ಒಂದು ಕುಣಬಿಗಳ ವಾಡೆಗೆ, ಅಂದರೆ ನಾಲ್ಕಾರು ಮನೆಗಳ ಹಾಡಿಗೆ, ಹೋದೆವು. ಸಾಹೇಬರ ಜೀಪು ಮೊದಲೇ ನಿಂತಿತ್ತು, ಹಿಂದೆ ಪಂಜರ. ವಾಡೆಯ ಜನ ಸುತ್ತಲಿನ ಅತ್ತಿ ಆಲದ ಮರಗಳಿಗೆ ಕೊಡಲಿ ಹಾಕುವುದಿಲ್ಲ, ಹಕ್ಕಿ ಹಿಡಿಯುವವರನ್ನು ಒಳಗೆ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದರಂತೆ. ದೂರದಿಂದ ಬರುವ ಹಕ್ಕಿಗೆಂದು ಒಬ್ಬ ಮುದುಕಿ ಎಲೆಯಲ್ಲಿ ಅವಲಕ್ಕಿ ಬೆಲ್ಲ ಕಲಸಿ ಇಟ್ಟುಕೊಂಡು ಕೂತಿದ್ದಳು. ಇಲ್ಲಿಯೂ ಮಲಕವ್ವಂದಿರೇ ಎಂದುಕೊಂಡೆ. ಹಕ್ಕಿಗೆ ಬೇಡ ಎಂದು ಕೈಸನ್ನೆ ಮಾಡಿ ಎಲೆಯನ್ನು ಬಂದೇನವಾಜನ ಕಡೆಗೆ ದೂಡಿದೆ. ಅವನು ಅರ್ಧ ತಿಂದುಬಿಟ್ಟ.

ರಾಮಲಿಂಗ ತಲೆ ಎತ್ತಿ ಮರಗಳನ್ನು ನೋಡುತ್ತ ನಿಂತಿದ್ದ. ಟೊಪ್ಪಿಗೆ ಬಿದ್ದದ್ದೂ ಗೊತ್ತಿರಲಿಲ್ಲ. ಬುಟ್ಟಿ ತೆರೆದಾಗ ದೇಸಾಯಿ ಒಂದು ಸುತ್ತು ಹಾರಿ ಅತ್ತಿಯ ಮರಕ್ಕೆ ಹೋದ. ಅಲ್ಲಿ ಅವನಂಥವೇ ಹತ್ತಾರು ಮಂಗಟ್ಟೆಗಳು ಹಣ್ಣು ತಿನ್ನುತ್ತಿದ್ದವು. ಕತ್ತಲಾಗುವವರೆಗೆ ನೋಡೋಣ ಎಂದರು ಸಾಹೇಬರು. ಮನುಷ್ಯರ ಹತ್ತಿರ ಬರದಿದ್ದರೆ ಗೆದ್ದಂತೆ.

ಸ್ವಲ್ಪ ಹೊತ್ತಿನಲ್ಲೇ ಬಂದ. ಅಷ್ಟು ಜನರಲ್ಲಿ ನನ್ನ ಗಂಡನನ್ನು ಹುಡುಕಿ ಸೀದಾ ಹೆಗಲ ಮೇಲೆ ಇಳಿದು ಅವನ ಕಿವಿಯನ್ನು ಮೆಲ್ಲಗೆ ಕೊಕ್ಕಿನಲ್ಲಿ ಹಿಡಿದ. ಸಾಹೇಬರು ನಿಟ್ಟುಸಿರು ಬಿಟ್ಟರು. ಜೀಪಿನ ಡ್ರೈವರ್ ಪಂಜರದ ಬಾಗಿಲು ತೆರೆಯಲು ಹೋದ.

ರಾಮಲಿಂಗ ನನ್ನನ್ನು ನೋಡಿದ. ಅಲ್ಲಿ ಮಸಿ ಇರಲಿಲ್ಲ, ಗೆಜ್ಜೆ ಇರಲಿಲ್ಲ. ಅವನ ಮುಖ ಅವನದೇ ಆಗಿತ್ತು. ದೇಸಾಯಿಯನ್ನು ಹೆಗಲಿನಿಂದ ಝಾಡಿಸಿ ಎಸೆದ, ನೆಲದ ಮಣ್ಣಿನ ಹೆಂಟೆ ಎತ್ತಿಕೊಂಡ.

"ಹೋಗಲೇ! ನಾ ಯಾವಂವ, ನೀ ಯಾವಂವ? ತಿರುಗಿ ಬಂದ್ರ ಕಾಲ ಮುರೀತೇನಿ ನಿಂದು."

ಹೆಂಟೆ ರೆಕ್ಕೆಗೆ ಬಡಿಯಿತು. ದೇಸಾಯಿ ಕೊಂಬೆಯ ಮೇಲೆ ಕೂತು, ಕತ್ತು ಓರೆ ಮಾಡಿ, ತಾನೇ ಏನೋ ತಪ್ಪು ತಿಳಿದಿರಬೇಕು ಎಂಬಂತೆ ಮತ್ತೆ ಅವನನ್ನೇ ನೋಡಿದ. ರಾಮಲಿಂಗ ಇನ್ನೊಂದು ಎಸೆದ, ಮತ್ತೊಂದು ಎಸೆದ. ಹಕ್ಕಿ ಎದ್ದು ಉಳಿದವುಗಳ ಜೊತೆ ಗುಡ್ಡದ ಆಚೆ ಹೋಯಿತು. ಕತ್ತಲಾದರೂ ಬರಲಿಲ್ಲ. ಸಾಹೇಬರು ಖಾಲಿ ಪಂಜರದೊಂದಿಗೆ ಹೊರಟರು.

ವಾಡೆಯ ಮುದುಕಿಗೆ ಸಿಟ್ಟು ಬಂದಿತ್ತು. ಪ್ರೀತಿಯಿಂದ ಬಂದ ಜೀವಕ್ಕೆ ಹೊಡೆದೆಯಲ್ಲ, ಅದು ನಿನ್ನದಲ್ಲವೇ ಎಂದು ತನ್ನ ಹರುಕು ಕನ್ನಡದಲ್ಲಿ ಕೇಳಿದಳು. ಅಲ್ಲ ಎಂದ ರಾಮಲಿಂಗ. ಆಡು ಓಡಿಸುವವನೆಂದು ಇಷ್ಟು ವರ್ಷ ಹಂಗಿಸಿದ ಗಂಡನ ಮೇಲೆ ನನಗೆ ಅಂದು ಎಷ್ಟು ಹೆಮ್ಮೆ ಆಯಿತೋ ಅಷ್ಟೇ ಮರುಕವೂ ಆಯಿತು. ಅವನ ಮುಖ ನೋಡಿ ಮುದುಕಿಯೂ ಕರಗಿ, ಉಳಿದ ಅವಲಕ್ಕಿಯ ಎಲೆಯನ್ನು ಅವನ ಮುಂದಿಟ್ಟಳು.

"ಬ್ಯಾಡವ್ವಾ," ಎಂದ. "ಇವತ್ತ ನನಗ ಯಾರೂ ತುತ್ತ ಹಾಕಬ್ಯಾಡ್ರಿ."

ನಾನು ಪಕ್ಕದಲ್ಲಿ ಕೂತು ಒಂದು ತುತ್ತು ಮಾಡಿ ಅವನ ಬಾಯಿಗೆ ಹಿಡಿದೆ. ಮುಖ ತಿರುಗಿಸಿದ. ಹಿಡಿದೇ ಇದ್ದೆ. ಆಮೇಲೆ ಬಾಯಿ ತೆರೆದು, ಅಳುತ್ತಲೇ ತಿಂದ.