ಉಪ್ಪಿನ ಪಾತಿಯಲ್ಲೊಂದು ಬೂಟಿನ ಗುರುತು

ಮುಖ್ಯೋಪಾಧ್ಯಾಯ ಬೊಗೊಮಿರ್ ಅವರು ಉಪ್ಪಾಗರದ ಪ್ರವಾಸದ ಪಟ್ಟಿಯಲ್ಲಿ ಮೂರು ಹೆಸರುಗಳನ್ನು ಹೊಡೆದುಹಾಕಿ ಕಾಗದವನ್ನು ನನ್ನ ಮುಂದಿಟ್ಟರು. ನೇಝಾ, ಲೋವ್ರೊ, ಟಿಲೆನ್. ಆರನೆಯ ತರಗತಿಯ ಹತ್ತೊಂಬತ್ತು ಮಕ್ಕಳಲ್ಲಿ ಗದ್ದಲದ ಗುತ್ತಿಗೆಯನ್ನೆಲ್ಲ ಹಿಡಿದವರು ಈ ಮೂವರೇ.

“ಹದಿನಾರು ಜನ ಸಾಕು, ವಿಲ್ಮಾ ಟೀಚರ್.”

“ಹತ್ತೊಂಬತ್ತು ಜನಾನೂ ಬರ್ತಾರೆ ಸಾರ್.”

“ಹಾಗಾದ್ರೆ ಕೇಳಿಸ್ಕೊಳ್ಳಿ. ಉಪ್ಪಾಗರದಿಂದ ಒಂದೇ ಒಂದು ದೂರು ಬಂದ್ರೂ ಸೆಪ್ಟೆಂಬರ್‌ನ ಬೆಟ್ಟದ ಶಿಬಿರಕ್ಕೆ ಈ ಮೂವರು ಇಲ್ಲ.”

ಒಪ್ಪಿಕೊಂಡೆ. ಮೂವತ್ತೆಂಟು ವರ್ಷ ಪಾಠ ಹೇಳಿದ ನಾನು ಸುಮ್ಮನಿರುವ ಮಗುವನ್ನು ಎಂದೂ ಕೀಳಾಗಿ ಕಂಡವಳಲ್ಲ; ಆದರೆ ಪಾಠವೆಂಬುದು ಎರಡೂ ಕಡೆಯಿಂದ ನಡೆಯಬೇಕಾದ ಕೆಲಸವೆಂಬುದನ್ನು ನನಗೆ ಕಲಿಸಿಕೊಟ್ಟವರು ಬಾಯಿ ಮುಚ್ಚದ ಮಕ್ಕಳೇ.

ಶಾಲೆಯ ವರ್ಷ ಮುಗಿಯುತ್ತಿದ್ದ ಜೂನ್ ತಿಂಗಳಲ್ಲಿ ಒಂದು ದಿನ, ಬಿಸಿಲು ಏರುವ ಹೊತ್ತಿಗೆ ನಾವು ಉಪ್ಪಾಗರದ ಕಟ್ಟೆಯ ಮೇಲಿದ್ದೆವು. ಅಲ್ಲಿ ಉಪ್ಪು ತೆಗೆಯುವ ಮುದುಕ ನಜಾರಿಯನ್ನು ಮಕ್ಕಳು ಆಗಲೇ ‘ನೋನೊ’ ಎಂದು ಕರೆಯತೊಡಗಿದ್ದರು. ನಮ್ಮ ಕಡಲತೀರದಲ್ಲಿ ಅಜ್ಜಂದಿರೆಲ್ಲರೂ ನೋನೊಗಳೇ. ಆತ ತನ್ನ ಪಾದಕ್ಕೆ ಕಟ್ಟಿಕೊಂಡಿದ್ದ ಚಪ್ಪಟೆ ಮರದ ಹಲಗೆಗಳನ್ನು ಎತ್ತಿ ತೋರಿಸಿದ.

“ಈ ಉಪ್ಪಿನ ಪಾತಿಯ ನೀರಿನ ಅಡಿಗೆ ಒಂದು ಪೊರೆ ಇದೆ. ಬೆರಳಿನಷ್ಟು ದಪ್ಪ, ಜೀವ ಇರೋ ಪೊರೆ. ಅದು ಇರೋದ್ರಿಂದಲೇ ಉಪ್ಪಿಗೆ ಕೆಸರು ತಾಗಲ್ಲ. ಈ ಹಲಗೆ ಇಲ್ದೆ ಯಾರೂ ಪಾತಿಗೆ ಇಳಿಯೋ ಹಾಗಿಲ್ಲ. ನಮ್ಮಪ್ಪನೂ ಇಳೀತಿರ್ಲಿಲ್ಲ.”

ಹದಿನಾರು ಮಕ್ಕಳು ಅದನ್ನು ಬರೆದುಕೊಂಡರು. ನೇಝಾ ಬರೆಯಲಿಲ್ಲ. ಆಕೆ ನೀರಿನ ಮೇಲೆ ಆಗಷ್ಟೇ ಕೆನೆಗಟ್ಟುತ್ತಿದ್ದ ಹರಳುಗಳನ್ನು ನೋಡುತ್ತಿದ್ದಳು.

“ಲೇ, ಉಪ್ಪು ತೇಲ್ತಿದೆ ಕಣ್ರೋ!”

“ಸುಳ್ಳು. ಉಪ್ಪು ಎಲ್ಲಾದ್ರೂ ತೇಲತ್ತಾ? ತಾಕತ್ತಿದ್ರೆ ತಂದು ತೋರ್ಸು,” ಎಂದ ಲೋವ್ರೊ.

ನಾನು ತಿರುಗುವಷ್ಟರಲ್ಲಿ ಆಕೆ ಬೂಟುಗಾಲಿನಲ್ಲೇ ಪಾತಿಯ ನಡುವೆ ನಿಂತಿದ್ದಳು. ಹಿಮ್ಮಡಿಯ ಸುತ್ತ ಕಪ್ಪು ಕೆಸರು ಹೊಗೆಯಂತೆ ಎದ್ದಿತು.

“ಅಯ್ಯೋ, ಕೆಟ್ಟೆ!” ನಜಾರಿ ತಲೆ ಹಿಡಿದುಕೊಂಡ. “ನಾಲ್ಕು ವರ್ಷ ಬೇಕಾಯ್ತು ಆ ಪೊರೆ ಬಲಿಯೋಕೆ! ಯಾರೇ ನೀನು?”

“ನೇಝಾ. ತಪ್ಪಾಯ್ತು ನೋನೊ. ಆದ್ರೆ ಉಪ್ಪು ನಿಜವಾಗ್ಲೂ ತೇಲ್ತಿತ್ತು.”

“ತಂದು ತೋರ್ಸು ಅಂದಿದ್ದು ನಾನು,” ಎಂದು ಲೋವ್ರೊ ಮುಂದೆ ಬಂದ.

“ನಾನೇನೂ ಮಾಡಿಲ್ಲ,” ಎಂದ ಟಿಲೆನ್. “ಆದ್ರೆ ಮುಂದಿನ ಸರದಿ ನಂದೇ ಇತ್ತು.”

ಯಾರೂ ಕೇಳುವ ಮೊದಲೇ ಮೂವರೂ ಒಪ್ಪಿಕೊಂಡಿದ್ದರು. ಬೆಟ್ಟದ ಶಿಬಿರ ಇವರ ಕೈತಪ್ಪಿತೆಂದುಕೊಂಡೆ; ಅದೇ ಗಳಿಗೆಯಲ್ಲಿ ಈ ಮಕ್ಕಳ ವಿಷಯದಲ್ಲಿ ಹಿಮ್ಮೆಟ್ಟಲಾರೆನೆಂಬ ನಿಶ್ಚಯವೂ ಗಟ್ಟಿಯಾಯಿತು.

“ಟೀಚರಮ್ಮ, ಈ ಮಂಗಗಳನ್ನ ಬಸ್ಸಲ್ಲಿ ಕೂರಿಸಿ,” ಎಂದ ನಜಾರಿ.

“ಕೂರಿಸಲ್ಲ. ಹರಿದದ್ದನ್ನ ಮುಚ್ಚೋದು ಹೇಗೆ ಅಂತ ಹೇಳಿಕೊಡಿ. ಮುಚ್ಚದೆ ನಾವು ಹೊರಡಲ್ಲ.”

ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗುಡಿಸಲಿನಿಂದ ನಾಲ್ಕು ಜೊತೆ ಹಲಗೆಗಳನ್ನು ತಂದು ಬಿಸಾಡಿದ. ಒಂದು ಜೊತೆ ನನ್ನ ಪಾಲಿನದು.

ಕಾಲುವೆಯ ಅಂಚಿನ ಬೂದು ಜೇಡಿಮಣ್ಣನ್ನು ಬಕೆಟ್ಟುಗಳಲ್ಲಿ ಹೊತ್ತು, ಕಲ್ಲು ಕಸ ಆರಿಸಿ, ಉಪ್ಪುನೀರಿನಲ್ಲಿ ನಾದಿ, ಹರಿದಲ್ಲೆಲ್ಲ ಅಂಗೈಯಿಂದ ಒತ್ತಿದೆವು. ಪ್ರಶ್ನೆಗಳೂ ಬಕೆಟ್ಟುಗಳಷ್ಟೇ ವೇಗವಾಗಿ ಬಂದವು. ಪೊರೆ ಏನು ತಿನ್ನತ್ತೆ? ಚಳಿಗಾಲದಲ್ಲಿ ಸಾಯತ್ತಾ? ಮಳೆ ಬಂದ್ರೆ? “ಉಸಿರಾಡೋಕೆ ಬಿಡ್ರೋ!” ಎಂದು ನಜಾರಿ ಗದರಿದರೂ ಒಂದಕ್ಕೂ ಉತ್ತರ ತಪ್ಪಿಸಲಿಲ್ಲ. ಇಡೀ ವರ್ಷ ತುಟಿ ಬಿಚ್ಚದಿದ್ದ ಝಾರ್ಯಾ ಪುಸ್ತಕವನ್ನು ಕಟ್ಟೆಯ ಮೇಲಿಟ್ಟು, “ನಾನೂ ಒತ್ಲಾ?” ಎಂದಳು. ಬಸ್ಸಿನವನು ಎರಡು ಸಲ ಹಾರನ್ ಹೊಡೆದ. ಕಾಯಲು ಹೇಳಿಕಳಿಸಿದೆ.

ಕೊನೆಗೆ ನಜಾರಿ ಶಾಲೆಗೆ ಹೋಗಬೇಕಾದ ವರದಿಯ ಹಾಳೆ ತೆಗೆದ.

“ಏನ್ ಬರೀಲಿ? ಬೇಕಾದ್ರೆ ಪೊರೆ ವಿಷಯ ಬಿಟ್ಬಿಡ್ತೀನಿ.”

“ಆಗಿದ್ದನ್ನ ಬರೀರಿ,” ಎಂದೆ.

ಆತ ಬರೆದ: ‘ಒಬ್ಬ ಹುಡುಗಿ ಬೂಟು ಹಾಕಿಕೊಂಡು ಪಾತಿಗೆ ಇಳಿದಳು. ಪೊರೆ ಹರಿಯಿತು. ಅವರೇ ಮುಚ್ಚಿದರು. ನಿಲ್ಲುತ್ತದೆಯೋ ಇಲ್ಲವೋ ಆಗಸ್ಟಿನಲ್ಲಿ ತಿಳಿಯುತ್ತದೆ. ನೋಡಲು ಬರಲಿ.’

ಮರುದಿನ ಬೊಗೊಮಿರ್ ಅವರು ಹಾಳೆಯನ್ನು ಎರಡು ಸಲ ಓದಿದರು.

“ಇದು ದೂರು.”

“ದೂರೇ ಸಾರ್. ‘ನೋಡಲು ಬರಲಿ’ ಅನ್ನೋ ಕೊನೆ ಸಾಲೂ ಅದರಲ್ಲೇ ಇದೆ.”

“ಮಾತು ಅಂದ್ರೆ ಮಾತು. ಶಿಬಿರಕ್ಕೆ ಹದಿನಾರೇ.”

“ಮಾತು ನಿಮ್ಮದು, ಉಳಿಸ್ಕೊಳ್ಳಿ. ಆದ್ರೆ ಆ ಹದಿನಾರು ಮಕ್ಕಳನ್ನ ಕರ್ಕೊಂಡು ಹೋಗೋಕೆ ಬೇರೆ ಟೀಚರ್‌ನ ನೋಡ್ಕೊಳ್ಳಿ. ನಾನು ಈ ಮೂವರ ಜೊತೆ ಇಲ್ಲೇ ಪಾಠ ಮಾಡ್ತೀನಿ. ತಪ್ಪು ಮಾಡಿ ಒಪ್ಪಿಕೊಂಡ ಮಕ್ಕಳನ್ನ ಮನೇಲಿ ಬಿಟ್ಟು, ಯಾವ ಮುಖ ಇಟ್ಕೊಂಡು ಬೆಟ್ಟ ಹತ್ತಲಿ?”

ಐದು ದಿನದ ಶಿಬಿರಕ್ಕೆ ನಮ್ಮ ಶಾಲೆಯಲ್ಲಿ ಬೇರೆ ಯಾರೂ ಒಪ್ಪುವವರಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಅವರು ಪೆನ್ನಿನ ಮುಚ್ಚಳ ತೆಗೆದರು.

“ಹಟಮಾರಿ ಹೆಂಗಸು ನೀವು.”

“ಹೌದು ಸಾರ್.”

ಶಿಬಿರದ ಪಟ್ಟಿಯಲ್ಲಿ ಹತ್ತೊಂಬತ್ತು ಎಂದು ಬರೆದು ರುಜು ಹಾಕಿದರು. ಕಾಗದ ತೆಗೆದುಕೊಂಡು ಹೊರಬಂದರೆ, ಕಾರಿಡಾರಿನ ಆ ತುದಿಯಿಂದಲೇ ನನ್ನ ತರಗತಿಯ ಸದ್ದು ಕೇಳಿಸುತ್ತಿತ್ತು. ನಾನು ಹೆಜ್ಜೆ ಬೇಗ ಬೇಗ ಹಾಕಿದೆ.