ಕೈಗೆ ಸುತ್ತಿದ ಹಗ್ಗ

ಹುಲೆಪ್ಪನ ಬಲಗೈ ಈಗ ಒಂದು ತುತ್ತು ಎತ್ತುವುದಿಲ್ಲ. ಹೆಗಲಿನಿಂದ ಸುಮ್ಮನೆ ಜೋತುಬಿದ್ದಿದೆ. ಹೆಂಡತಿ ದ್ರೌಪದಿ ರೊಟ್ಟಿ ಮುರಿದು ಬಾಯಿಗಿಡಲು ಹೋದರೆ ಮುಖ ತಿರುಗಿಸುತ್ತಾನೆ. ಕೊಬ್ಬಿದ ಹೋರಿಯನ್ನು ಮೂಗುದಾಣ ಹಿಡಿದು ನಿಲ್ಲಿಸುತ್ತಿದ್ದ ಕೈ ಅದು. ಎಮ್ಮೆ ಮುರಿಯಿತು ಅನ್ನುತ್ತಾರೆ ನಮ್ಮೂರು ಕರಜಗಿಯಲ್ಲಿ. ಸುಳ್ಳು. ಯಾರು ಮುರಿದರೆಂದು ನಾನು ಹೇಳುತ್ತೇನೆ, ಕೇಳಿ.

ಹುಲೆಪ್ಪ, ಸಾಯಬಣ್ಣ, ನಾನು ಭೀಮಣ್ಣ, ಮೂವರೂ ಚನ್ನವೀರಪ್ಪ ಸಾವಕಾರರ ದನ ನೋಡಿಕೊಳ್ಳುವವರು. ಮೊದಲು ಎಮ್ಮೆಗಳು ಸೊಲ್ಲಾಪುರದ ಸಂತೆಗೆ ಬಾಡಿಗೆ ಟ್ರಕ್ಕಿನಲ್ಲಿ ಹೋಗುತ್ತಿದ್ದವು. ಟ್ರಕ್ಕಿನ ಹಿಂಭಾಗವನ್ನು ಹೊಲದ ಒಡ್ಡಿಗೆ ಹಚ್ಚಿ, ಮೊದಲು ಕರು ಹತ್ತಿಸಿದರೆ ಮುಗಿಯಿತು, ತಾಯಿ ತಾನೇ ಹತ್ತುತ್ತಿತ್ತು. ಸುತ್ತಲೂ ಆಳೆತ್ತರದ ಹಲಗೆ. ಎಷ್ಟೇ ಬೆದರಿದರೂ ಹಾರುವ ಮಾತಿಲ್ಲ.

ಎಪ್ಪತ್ತಾರನೇ ಇಸವಿಯಲ್ಲಿ ಸಾವಕಾರರು ಟ್ರ್ಯಾಕ್ಟರ್ ತಂದರು. ಕಾಯಿ ಒಡೆದು ಊರಿಗೆಲ್ಲ ಪೇಢೆ ಹಂಚಿದರು. ನಮ್ಮ ಓಣಿಗೆ ಬರಲಿಲ್ಲ, ಅದಿರಲಿ. ಹಿಂದೆ ಒಂದು ಟ್ರಾಲಿ. ಅದರ ಹಲಗೆ ಎಮ್ಮೆಯ ಮೊಣಕಾಲಿಗೆ ಬಂದರೆ ಹೆಚ್ಚು.

"ಇದರಾಗ ದನಾ ನಿಲ್ಲಂಗಿಲ್ರಿ ಸಾವಕಾರ್ರ," ಅಂದ ಹುಲೆಪ್ಪ. "ಟ್ರಕ್ಕ ತರಸ್ರಿ."

"ಮನ್ಯಾಗ ಟ್ರ್ಯಾಕ್ಟರ್ ಇಟಗೊಂಡು ಟ್ರಕ್ಕಿಗಿ ಭಾಡಾ ಕೊಡ್ಲೇನು? ನೀ ಹಿಂದ ನಿಂತು ಹಗ್ಗಾ ಹಿಡಿ."

"ಜಗ್ಗಿದ್ರ ಕೈ ತಡ್ಯಂಗಿಲ್ರಿ."

"ಕೈಗಿ ಸುತ್ಗೋ. ಬಿಟ್ಟಿ ಅಂದ್ರ ನೋಡು ಮತ್ತ! ಚಲ್, ಆಟಪ್, ಲಗೂ ಮುಗಸು!"

ದನದ ಹಗ್ಗ ಹಿಡಿಯಬೇಕು, ಕೈಗೆ ಸುತ್ತಬಾರದು. ನಮ್ಮ ಮಕ್ಕಳಿಗೆ ಮಾತು ಬರುವ ಮೊದಲೇ ಇದು ಗೊತ್ತಿರುತ್ತದೆ. ಆದರೆ ಹುಲೆಪ್ಪನ ಗುಡಿಸಲು ನಿಂತಿದ್ದ ನೆಲವೂ ಸಾವಕಾರರದೇ. ಅವನು ನಮ್ಮನ್ನೊಮ್ಮೆ ನೋಡಿ ಸುತ್ತಿಕೊಂಡ.

ಸೊಲ್ಲಾಪುರದ ದಾರಿಯಲ್ಲಿ ಅಕ್ಕಲಕೋಟ ದಾಟಿದ ಮೇಲೆ ಎದುರಿಗೆ ಎಸ್‌ಟಿ ಬಸ್ಸು ಹಾರ್ನ್ ಹೊಡೆಯುತ್ತ ಬಂತು. ಹುಲೆಪ್ಪ ಹಿಡಿದಿದ್ದ ಎಮ್ಮೆ ಬೆದರಿ ಟ್ರಾಲಿಯಿಂದ ಹಾರಿತು. ಅದರ ಹಿಂದೆ ಹುಲೆಪ್ಪನೂ ಹೋದ. "ಹಗ್ಗಾ ಬಿಡೋ!" ಎಂದು ಅರಚಿದೆವು. ಹೇಗೆ ಬಿಟ್ಟಾನು? ಎಮ್ಮೆ ಅವನನ್ನು ರಸ್ತೆಯ ಖಡಿಕಲ್ಲುಗಳ ಮೇಲೆ ಎಳೆದುಕೊಂಡು ಓಡಿತು.

ಟ್ರ್ಯಾಕ್ಟರಿನಿಂದ ಜಿಗಿದ ಸಾವಕಾರರು ಓಡಿದ್ದು ಎಮ್ಮೆಯ ಕಡೆಗೆ. ಅದರ ಕಾಲು ಸವರಿ ನೋಡಿ, "ಸಿದ್ಧರಾಮ ದೇವ್ರು ಕಾಯ್ದ, ಎಮ್ಮಿಗಿ ಏನೂ ಆಗಿಲ್ಲ," ಅಂದರು. ಆಮೇಲೆ, "ಇವನ್ನ ಬಸ್ಸಿನ್ಯಾಗ ಹಾಕಿ ಊರಿಗಿ ಕಳಸ್ರಿ. ಸಂತಿಗಿ ಹೊತ್ತಾಗ್ತದ."

ಸಾವಕಾರರು ಊರಿಗೆ ಬಂದು ಕಟ್ಟೆಯ ಮೇಲೆ ಕೂತು ಹೇಳಿದ್ದೇನು? "ತಾನ ಹಗ್ಗಾ ಕೈಗಿ ಸುತ್ಗೊಂಡಾನ, ಹುಚ್ಚ! ದನಾ ಕಾಯೂ ಮಂದಿಗಿ ಇಷ್ಟೂ ತಿಳೀಬಾರ್ದಾ?" ನಾಟಿ ವೈದ್ಯ ಹುಲೆಪ್ಪನ ಕೈಗೆ ಬಿದಿರು ಕಟ್ಟಿ ಹೋದ. ಕೈ ಊದಿ ಕಪ್ಪಾಯಿತು.

ಮುಂದಿನ ಸಂತೆಗೆ ಮತ್ತೆ ಅದೇ ಟ್ರಾಲಿ. ಮಾರಾಟವಾಗದೆ ಮರಳಿದ್ದ ಅದೇ ಎಮ್ಮೆ. ಹಿಂದೆ ನಿಲ್ಲುವ ಪಾಳಿ ಸಾಯಬಣ್ಣನದು. ದ್ರೌಪದಿ ಬಂದವಳೇ ಅವನ ಕೈಯಿಂದ ಹಗ್ಗ ಕಸಿದುಕೊಂಡು ಸಾವಕಾರರ ಕೈಗೆ ತುರುಕಿದಳು. ಓಣಿಯ ಜನವೆಲ್ಲ ಅವಳ ಹಿಂದೆ ನಿಂತಿತ್ತು.

"ಇವತ್ತ ನೀವ ಹಿಡೀರಿ. ಕೈಗಿ ಸುತ್ಗೋರಿ."

"ಏ ಹೆಣಮಗಳ, ತಲಿ ಕೆಟ್ಟದೇನು?"

"ನನ್ನ ಗಂಡಗ ಹೇಳಿದ್ರೆಲ್ಲಾ, ಹಂಗ ಸುತ್ಗೋರಿ. ಮಂದಿ ನೋಡ್ಲಿ."

ಎಮ್ಮೆ ಒಮ್ಮೆ ತಲೆ ಝಾಡಿಸಿತು. ಅಷ್ಟಕ್ಕೇ ಸಾವಕಾರರು ಹಗ್ಗ ಬಿಟ್ಟು ಹಿಂದಕ್ಕೆ ಹಾರಿದರು.

"ಬಿಟ್ರಿ ನೋಡ್ರಿ," ಅಂದಳು ದ್ರೌಪದಿ. "ನಿಮಗ ಬಿಡಾಕ ಬಂತು. ನನ್ನ ಗಂಡಗ ಯಾಕ ಬರ್ಲಿಲ್ಲ? ಹೇಳ್ರಿ ಈಗ."

ಎಮ್ಮೆ ಊರ ಹೊರಗಿನ ದಾರಿ ಹಿಡಿಯಿತು. "ಹಿಡೀರೋ! ಭೀಮ್ಯಾ! ಸಾಯಬ್ಯಾ!" ಎಂದು ಸಾವಕಾರರು ಕಿರುಚಿದರು.

ನಾನು ನನ್ನ ಕೈಯಲ್ಲಿದ್ದ ಉಳಿದ ಎಮ್ಮೆಗಳ ಹಗ್ಗಗಳನ್ನೂ ಬಿಟ್ಟೆ.

"ಮೊದಲ ಹುಲೆಪ್ಪನ್ನ ಟ್ರಾಲ್ಯಾಗ ಮಲಗಸ್ಕೊಂಡು ಸೊಲ್ಲಾಪುರದ ದವಾಖಾನಿಗಿ ನಡೀರಿ," ಅಂದೆ. "ಎಮ್ಮಿಗಿ ಆಮ್ಯಾಲ ಟ್ರಕ್ಕ ತರಸ್ರಿ."

ಎಮ್ಮೆಗಳು ಒಂದೊಂದಾಗಿ ಟ್ರಾಲಿಗೆ ಬೆನ್ನು ಮಾಡಿ ಹೊರಟವು. ಹಿಡಿಯಲು ಯಾರೂ ಹೋಗಲಿಲ್ಲ.