ಪೆಟ್ರೋಲ್ ಟ್ಯಾಂಕಿನಲ್ಲಿ ಆಲ

ನನ್ನ ಅತ್ತಿಗೆ ಗೇಟು, ಕಿಟಕಿ ಸರಳು, ಮೆಟ್ಟಿಲ ಕಂಬಿ ಬೆಸೆಯುವವಳು. ಮನೆಯ ಕೆಳಗಿನ ಶೆಡ್ಡೇ ಅವಳ ವರ್ಕ್‌ಶಾಪ್. ಇಡೀ ದಿನ ಕಬ್ಬಿಣದ ಜೊತೆ ಗುದ್ದಾಡಿಕೊಂಡಿರಲಿ, ನನ್ನ ಅಭ್ಯಂತರವೇನಿಲ್ಲ. ನನ್ನ ಗಿಡದ ತಂಟೆಗೆ ಬಂದಳು ನೋಡಿ, ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಯುರಿ.

ಗಿಡವೆಂದರೆ ತಾರಸಿಯ ಮೇಲೆ ನಾನು ಸಾಕಿದ ಆಲದ ಬೋನ್ಸಾಯ್. ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಯ ಗೋಡೆಯ ಬಿರುಕಿನಲ್ಲಿ ಹುಟ್ಟಿದ್ದ ಸಸಿಯನ್ನು ಅಣ್ಣ ತನ್ನ ಬೈಕಿನ ಸೀಟಿನ ಮೇಲೆ ನಿಂತು ಕಿತ್ತುಕೊಟ್ಟಿದ್ದ. "ತಗೋ ಮೆಣಸಿನಕಾಯಿ, ಇನ್ನು ರಂಪ ಮಾಡ್ಬೇಡ" ಅಂದಿದ್ದ. ಮನೆಯಲ್ಲಿ ನನಗೆ ಅದೇ ಹೆಸರು. ಅಂದಿನಿಂದ ಅದು ನಮ್ಮಿಬ್ಬರ ಗಿಡ. ತಂತಿ ಸುತ್ತಿ ಕೊಂಬೆ ಬಾಗಿಸಿದ್ದು, ಚಿಗುರು ಚಿವುಟಿದ್ದು ನಾನು. ಭಾನುವಾರ ಕಾಫಿ ಲೋಟ ಹಿಡಿದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು "ಕಾಂಡ ಎಷ್ಟು ದಪ್ಪ ಆಯ್ತೇ!" ಅನ್ನುತ್ತಿದ್ದವನು ಅವನು. ನನಗೆ ಅಷ್ಟು ಸಾಕಿತ್ತು.

ಅಣ್ಣನ ಹಳೆಯ ಬೈಕು ಗುಜರಿಗೆ ಹೋಗುವಾಗ ಅತ್ತಿಗೆ ಅದರ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿಟ್ಟುಕೊಂಡಳು. ನೀರು ತುಂಬಿಸಿಟ್ಟು, ತೊಳೆದು, ಒಳಗಿನ ಪೆಟ್ರೋಲ್ ವಾಸನೆಯೆಲ್ಲ ಹೋದ ಮೇಲೆ ನೆತ್ತಿಯಲ್ಲಿ ಬಟ್ಟಲಗಲದ ಬಾಯಿ ಕೊರೆದಳು. ತಳಕ್ಕೆ ನೀರಿಳಿಯಲು ತೂತು, ನಿಲ್ಲಲು ಕಾಲು, ಒಳಗೆ ತುಕ್ಕು ತಡೆಯುವ ಬಣ್ಣ. ಹೊರಗಿನ ಕೆಂಪು ಬಣ್ಣವನ್ನೂ ಅದರ ಗೀರುಗಳನ್ನೂ ಮುಟ್ಟಲಿಲ್ಲ. "ನಿನ್ನ ಗಿಡಕ್ಕೆ" ಎಂದು ತಂದು ನನ್ನ ಮುಂದಿಟ್ಟಳು. ಚೆನ್ನಾಗಿತ್ತು. ಅದೇ ನನಗೆ ಸಹಿಸಲಾಗಲಿಲ್ಲ.

"ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು" ಅಂದೆ. "ಒಳಗೆ ನಡುವೆ ದಿಣ್ಣೆ ಬೇರೆ." ಬೈಕಿನ ಚೌಕಟ್ಟಿನ ಮೇಲೆ ಕೂರಲೆಂದು ಟ್ಯಾಂಕಿನ ತಳ ನಡುವೆ ಮೇಲಕ್ಕೆ ಉಬ್ಬಿರುತ್ತದೆ. "ಬೇರು ಎರಡು ಕಡೆಗೂ ಇಳಿದು ಕಚ್ಚಿಕೊಂಡ್ರೆ, ಮಣ್ಣು ಬದಲಿಸುವಾಗ ಗಿಡ ಆಚೆ ತೆಗೆಯೋದು ಹೇಗೆ?"

ಅಣ್ಣ ನಕ್ಕುಬಿಟ್ಟ. "ಹೊಟ್ಟೆಕಿಚ್ಚು ಕಣೇ ನಿನಗೆ."

ಹೊಟ್ಟೆಕಿಚ್ಚೂ ಇತ್ತು, ಬಾಯಿ ಚಿಕ್ಕದೂ ಆಗಿತ್ತು. ಎರಡೂ ಒಟ್ಟಿಗೆ ನಿಜವಾಗಬಾರದೆಂದು ಯಾರು ಹೇಳಿದರು? ಆದರೆ ಮುಖ ಊದಿಸಿಕೊಂಡವಳ ಮಾತನ್ನು ಯಾರು ಕೇಳುತ್ತಾರೆ. ಹಲ್ಲು ಕಚ್ಚಿಕೊಂಡು ಗಿಡವನ್ನು ಅದರಲ್ಲೇ ನೆಟ್ಟೆ.

ಆಮೇಲೆ ಶುರುವಾಯಿತು ಮೆರವಣಿಗೆ. ಅಣ್ಣ ಕಚೇರಿಯವರನ್ನೆಲ್ಲ ಕರೆತಂದು ತಾರಸಿ ಹತ್ತಿಸಿದ. ಬಂದವರು ಟ್ಯಾಂಕು ಸವರಿದರು, ಬಾಗಿ ಬಾಗಿ ಫೋಟೋ ತೆಗೆದರು. "ನಮ್ಮವಳ ಕೈಚಳಕ" ಎಂದು ಅಣ್ಣ ಉಬ್ಬಿದ. ಮೇಲೆ ಒಂದು ಗಿಡವಿದೆ ಎಂದು ಒಬ್ಬನಾದರೂ ತಲೆಯೆತ್ತಿ ನೋಡಬೇಕಲ್ಲ! ಮಧ್ಯಾಹ್ನದ ಬಿಸಿಲಿಗೆ ಟ್ಯಾಂಕು ಕಾದ ಹಂಚಿನಂತಾಗುತ್ತಿತ್ತು. ಬೇರು ಬೇಯಬಾರದೆಂದು ನೆರಳಿಗೆ ಹೊತ್ತವಳು ನಾನು, ಹೊಗಳಿಸಿಕೊಂಡವಳು ಅವಳು. ಭಾನುವಾರದ ಕಾಫಿ ಲೋಟವೂ ಈಗ ಕೆಳಗಿನ ಶೆಡ್ಡಿಗೇ ಹೋಗುತ್ತಿತ್ತು.

ಕೊನೆಗೆ ನಾನು ಹೇಳಿದ್ದೇ ಆಯಿತು. ಸುರಿದ ನೀರು ಇಳಿಯದೆ ಮೇಲೆಯೇ ನಿಲ್ಲತೊಡಗಿತು. ಎಲೆ ಹಳದಿಗೆ ತಿರುಗಿ ಉದುರಿದವು. ಬೆರಳು ಹಾಕಿದರೆ ಮಣ್ಣೇ ಸಿಗದು, ಬರೀ ಬೇರು. ಇನ್ನು ಎರಡೇ ದಾರಿ. ಟ್ಯಾಂಕು ಸೀಳಬೇಕು, ಇಲ್ಲವೇ ಬಾಯಿಯ ಮಟ್ಟಕ್ಕೆ ಬೇರನ್ನೆಲ್ಲ ಕತ್ತರಿಸಿ ಬುಡ ಎತ್ತಬೇಕು. ಹಾಗೆ ಎತ್ತಿದರೆ ಅದು ಉಳಿಯುವ ನಂಬಿಕೆ ನನಗಿರಲಿಲ್ಲ.

ಅಣ್ಣನನ್ನೇ ಕೇಳಿದೆ. ಯಾವುದಕ್ಕೆ ಗರಗಸ ಹಾಕಬೇಕೆಂಬುದು ಅವನ ಬಾಯಿಂದಲೇ ಬರಲಿ ಅನ್ನುವುದು ನನ್ನ ಹಟ. ಅವನು ಶೂ ಲೇಸು ಕಟ್ಟಿಕೊಳ್ಳುತ್ತಿದ್ದ.

"ಬೇರು ಕತ್ತರಿಸೇ. ಬೇರು ಮತ್ತೆ ಬರುತ್ತೆ. ಅಂಥ ಟ್ಯಾಂಕು ಎಲ್ಲಿ ಸಿಗುತ್ತೆ?"

"ಗಿಡ ಸತ್ತರೆ?"

"ಇನ್ನೊಂದು ನೆಡು. ಗಿಡಕ್ಕೇನು ಬರವಾ?"

ಗರಗಸ ಹಿಡಿದು ದಡದಡನೆ ತಾರಸಿ ಹತ್ತಿದೆ. ಸಾಯಲಿ, ಆಮೇಲೆ ಖಾಲಿ ಟ್ಯಾಂಕು ತಬ್ಬಿಕೊಂಡು ಕೂತಿರಲಿ ಇಬ್ಬರೂ ಅಂದುಕೊಂಡೆ. ಆದರೆ ಬುಡಕ್ಕೆ ಗರಗಸ ತಾಗಿಸಿದ ಕೂಡಲೇ ಅಳು ಬಂತು.

ನಮ್ಮ ಮಾತು ಕೇಳಿಸಿರಬೇಕು, ಹಿಂದೆಯೇ ಅತ್ತಿಗೆ ಬಂದಳು. ಒಂದು ಕೈಯಲ್ಲಿ ಕಬ್ಬಿಣ ಕೊಯ್ಯುವ ಗ್ರೈಂಡರ್, ಇನ್ನೊಂದರಲ್ಲಿ ಒದ್ದೆ ಗೋಣಿಚೀಲ.

"ಆ ಗರಗಸ ಆಚೆ ಇಡು. ಬುಡಕ್ಕೆ ಇದನ್ನ ಸುತ್ತು, ಕಿಡಿ ತಾಗಬಾರದು."

"ನಿಮ್ಮ ಟ್ಯಾಂಕು..."

"ನೀನು ಮೊದಲ ದಿನವೇ ಹೇಳಿದ್ದೆ. ನನಗೂ ಆಗಲೇ ಗೊತ್ತಾಯ್ತು. ಆದ್ರೆ ನಿಮ್ಮಣ್ಣ ಅಷ್ಟು ಹೊಗಳ್ತಿದ್ರಲ್ಲ, ತಪ್ಪು ಅಂತ ಒಪ್ಪಿಕೊಳ್ಳೋಕೆ ಮನಸ್ಸು ಬರಲಿಲ್ಲ. ಯಾವತ್ತೂ ಹೊಗಳಿದವರಲ್ಲ ಅವರು." ಕನ್ನಡಕ ಹಾಕಿಕೊಂಡಳು. "ಮರವಾಗೋ ಜೀವ ಅದು. ಡಬ್ಬಕ್ಕೋಸ್ಕರ ಅದನ್ನ ಕೊಲ್ಲೋದಾ? ಗಟ್ಟಿಯಾಗಿ ಹಿಡ್ಕೋ."

ಅಣ್ಣನ ಬಾಯಿಂದ ಕೇಳಲು ಕಾದಿದ್ದ ಮಾತು. ಅದನ್ನೂ ಇವಳೇ ಆಡಿದಳು. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಆದರೂ ಹೇಳಿದ ಹಾಗೆ ಗಟ್ಟಿಯಾಗಿ ಹಿಡಿದೆ.

ಬಾಯಿಯ ಅಂಚಿನಿಂದ ಮುಂದಕ್ಕೆ ಇಳಿದು, ತಳ ಸುತ್ತಿ, ಹಿಂದಿನಿಂದ ಮತ್ತೆ ಬಾಯಿಯವರೆಗೆ ಅವಳು ಒಂದೇ ಗೆರೆಯಲ್ಲಿ ಸೀಳಿದಳು. ಕೈ ಒಮ್ಮೆಯೂ ತಡೆಯಲಿಲ್ಲ, ತುಟಿ ಮಾತ್ರ ಬಿಗಿದಿತ್ತು. ಟ್ಯಾಂಕು ಎರಡು ಹೋಳಾಗಿ ಬಿತ್ತು. ಬೇರಿನ ಮುದ್ದೆ ದಿಣ್ಣೆಯ ಎರಡೂ ಬದಿಗೆ ಕಾಲು ಚಾಚಿಕೊಂಡು, ಥೇಟ್ ಬೈಕಿನ ಮೇಲೆ ಕೂತ ಹಾಗೆ ಇತ್ತು. ಹೊರಗಿನ ಬೇರು ಕೊಳೆತಿದ್ದವು, ಬುಡದ ದಪ್ಪ ಬೇರು ಗಟ್ಟಿಯಾಗಿದ್ದವು. "ಬದುಕುತ್ತೆ" ಅಂದೆ. ಅವಳು ಬೇರಿಗೆ ನೀರು ಚಿಮುಕಿಸಿದಳು.

ಗ್ರೈಂಡರ್ ಸದ್ದಿಗೆ ಅಣ್ಣ ಒಂದೇ ಉಸಿರಿಗೆ ಓಡಿ ಬಂದ. ಅವನು ನನ್ನ ಗಿಡದ ಕಡೆ ನೋಡಲಿಲ್ಲ. ಕನ್ನಡಕ ತೆಗೆಯುವಾಗ ಕಣ್ಣಿಗೆ ಕಬ್ಬಿಣದ ಪುಡಿ ಬಿದ್ದು ಉಜ್ಜಿಕೊಳ್ಳುತ್ತಿದ್ದ ಹೆಂಡತಿಯ ಕಡೆಯೂ ನೋಡಲಿಲ್ಲ. ಎರಡು ಹೋಳುಗಳನ್ನು ಎತ್ತಿ ಎದೆಗೆ ಅವಚಿಕೊಂಡ.

"ಅಯ್ಯೋ, ನನ್ನ ಬೈಕು!"

ನಾನೂ ಅತ್ತಿಗೆಯೂ ಮುಖ ಮುಖ ನೋಡಿಕೊಂಡೆವು. ಇಷ್ಟು ದಿನ ನಾವು ಕಿತ್ತಾಡಿದ್ದು ಯಾವುದಕ್ಕೆ!

"ಇದನ್ನ ಮತ್ತೆ ಬೆಸೆಯೋಕೆ ಆಗುತ್ತೆ ತಾನೆ?" ಅಣ್ಣ ಗೋಗರೆಯುವ ದನಿಯಲ್ಲಿ ಕೇಳಿದ.

ಅದಕ್ಕಿಂತ ತೆಳ್ಳಗಿನ ತಗಡನ್ನು ಗೆರೆ ಕಾಣದ ಹಾಗೆ ಅವಳು ಬೆಸೆದದ್ದನ್ನು ನಾನೇ ನೋಡಿದ್ದೇನೆ. ಅತ್ತಿಗೆ ಹೋಳುಗಳ ಅಂಚನ್ನು ಬೆರಳಿನಿಂದ ಸವರಿದಳು, ನನ್ನ ಕಡೆ ನೋಡಿದಳು.

"ಆಗಲ್ಲ" ಅಂದಳು.

"ಖಂಡಿತ ಆಗಲ್ಲ, ಅಣ್ಣ" ಅಂದೆ ನಾನು.